ಓಝೋನ್ ತೂತು, ಪ್ಲಾಸ್ಟಿಕ್, ಗಿಡ ನೆಡಿ: ಹಳ್ಳಿ ಮಕ್ಕಳಿಗೆ ಹವಾಮಾನ ಬದಲಾವಣೆ ಅಂದ್ರೆ ಇಷ್ಟೇನಾ?

ಬಿಸಿಲುನಾಡು (ಚರ್ಚೆ ಶುರು ಮಾಡಿದವರು)

ರಾಯಚೂರು, ಯಾದಗಿರಿ ಕಡೆಯ ಸರ್ಕಾರಿ ಶಾಲೆಗಳು, 7ರಿಂದ 9ನೇ ತರಗತಿ. "ಭೂಮಿ ಯಾಕೆ ಬಿಸಿ ಆಗ್ತಿದೆ?" ಅಂತ ಬರೆಸಿ ನೋಡಿ. ಹಾಳೆ ಮೇಲೆ ಹಾಳೆ ಅದೇ ಉತ್ತರ: ಓಝೋನ್ ಪದರಕ್ಕೆ ತೂತು ಬಿದ್ದಿದೆ, ಅಲ್ಲಿಂದ ಬಿಸಿಲು ಜಾಸ್ತಿ ಬರ್ತಿದೆ, ಪ್ಲಾಸ್ಟಿಕ್ ಬಳಸಬಾರದು, ಗಿಡ ನೆಡಬೇಕು. ನಾಲ್ಕು ವಾಕ್ಯ, ಒಂದಕ್ಕೊಂದು ಸಂಬಂಧವೇ ಇಲ್ಲ.

ಅದೇ ಮಕ್ಕಳನ್ನ ಹೊಲದ ಬಗ್ಗೆ ಮಾತಾಡಿಸಿ. ತೊಗರಿ ಹೂ ಕಟ್ಟೋ ಹೊತ್ತಿಗೆ ಮೋಡ ಮುಚ್ಚಿದ್ರೆ ಹೂ ಉದುರುತ್ತೆ, ಹುಳ ಬೀಳುತ್ತೆ. ಹಿಂಗಾರಿ ಜೋಳಕ್ಕೆ ಹಸಿ ಸಾಲದಿದ್ರೆ ತೆನೆ ಕಾಳು ಕಟ್ಟಲ್ಲ. ಬಿತ್ತಿದ ಮೇಲೆ 20 ದಿನ ಮಳೆ ಕೈಕೊಟ್ರೆ ಬೀಜದ ದುಡ್ಡು ಮಣ್ಣುಪಾಲು. ಎಲ್ಲ ಬಾಯಲ್ಲೇ ಇದೆ. ಪರೀಕ್ಷೆ ಹಾಳೆಗೆ ಮಾತ್ರ ಇಳಿಯಲ್ಲ.

ಪ್ರಶ್ನೆ ಎರಡು. ಮಕ್ಕಳಿಗೆ ನಿಜಕ್ಕೂ ಎಷ್ಟು ಅರ್ಥ ಆಗಿದೆ ಅಂತ ತಿಳಿಯೋದು ಹೇಗೆ? ಮತ್ತೆ ಈಗ ತರಬೇತಿಗಳಲ್ಲಿ "ಭೂಗ್ರಹದ ಆರೋಗ್ಯ" ಅಂತ ಹೊಸದೊಂದು ಬಂದಿದೆ, ಅದನ್ನ 8ನೇ ತರಗತಿಗೆ ಇಳಿಸೋದು ಹೇಗೆ? ದಯವಿಟ್ಟು "ಗಿಡ ನೆಡಿಸಿ" ಅನ್ನಬೇಡಿ.

ಹುಣಸೆಮರ

ಗಿಡ ನೆಡಿಸಿ 😄

ಲಂಬಕೋನ

ಮೊದಲು ಓಝೋನ್ ಗಂಟು ಬಿಡಿಸೋಣ. ಓಝೋನ್ ತಡೆಯೋದು ಅತಿನೇರಳೆ ಕಿರಣವನ್ನ. ಅದು ತೆಳುವಾದ್ರೆ ಚರ್ಮದ ಕ್ಯಾನ್ಸರ್, ಕಣ್ಣಿನ ಪೊರೆ ಹೆಚ್ಚಾಗುತ್ತೆ, ಊರು ಬಿಸಿ ಆಗಲ್ಲ. "ತೂತು" ಇರೋದು ಅಂಟಾರ್ಕ್ಟಿಕಾದ ಮೇಲೆ, ಅದೂ ಅಲ್ಲಿನ ವಸಂತದಲ್ಲಿ, ಅಂದ್ರೆ ನಮ್ಮ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ. ರಾಯಚೂರಿನ ಮೇಲೆ ಯಾವ ತೂತೂ ಇಲ್ಲ. 1985ರಲ್ಲಿ ಪತ್ತೆಯಾಯ್ತು, 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಬಂತು, ಈಗ ನಿಧಾನಕ್ಕೆ ಮುಚ್ಚಿಕೊಳ್ತಿದೆ.

ಬಿಸಿ ಆಗೋದಕ್ಕೆ ಕಾರಣ ಬೇರೆ. ಬಿಸಿಲು ಒಳಗೆ ಬರೋದು ಹೆಚ್ಚಾಗಿಲ್ಲ, ನೆಲದಿಂದ ಶಾಖ ಹೊರಗೆ ಹೋಗೋದು ಕಷ್ಟ ಆಗಿದೆ. ಕೈಗಾರಿಕೆಗಳಿಗೆ ಮುಂಚೆ ಗಾಳಿಯ ಪ್ರತಿ 10 ಲಕ್ಷ ಕಣದಲ್ಲಿ ಸುಮಾರು 280 ಕಾರ್ಬನ್ ಡೈಆಕ್ಸೈಡ್ ಇತ್ತು, ಈಗ 420 ದಾಟಿದೆ. "ಒಳಗೆ ಬರ್ತಿದೆ" ಅನ್ನೋ ಮಗುವಿಗೂ "ಹೊರಗೆ ಹೋಗ್ತಿಲ್ಲ" ಅನ್ನೋ ಮಗುವಿಗೂ ಇರೋ ವ್ಯತ್ಯಾಸಾನೇ ನಿಮ್ಮ ಅಳತೆಗೋಲು. ಮಿಕ್ಕಿದ್ದೆಲ್ಲ ಕಂಠಪಾಠ.

ಬಾನಾಡಿ

@ಲಂಬಕೋನ, ಒಂದು ತಿದ್ದುಪಡಿ. ಓಝೋನ್ ತಿನ್ನೋ ಸಿಎಫ್‌ಸಿ ಅನಿಲಗಳು ಶಾಖವನ್ನೂ ಹಿಡಿದಿಡುತ್ತವೆ. ಸಂಬಂಧವೇ ಇಲ್ಲ ಅಂತ ಮಕ್ಕಳಿಗೆ ಹೇಳಿದ್ರೆ 10ನೇ ತರಗತಿಯಲ್ಲಿ ಮತ್ತೆ ಗೊಂದಲ.

ಲಂಬಕೋನ

ಅನಿಲ ಒಂದೇ, ಕೆಲಸ ಎರಡು. ತೂತಿನಿಂದ ಬಿಸಿ ಬರಲ್ಲ ಅನ್ನೋದು ಹಾಗೇ ಉಳಿಯುತ್ತೆ.

ಕೆಂಭಾವಿ ಹುಡುಗ

ಅಲ್ರೀ ಸರ, ಪುಸ್ತಕದಾಗೇ ಓಝೋನ್ ಪಾಠ, ಹಸಿರುಮನೆ ಪಾಠ, ಮಾಲಿನ್ಯದ ಪಾಠ ಒಂದರ ಬೆನ್ನಿಗೊಂದು ಅದಾವ. ಪರೀಕ್ಷಾದಾಗ ಮೂರಕ್ಕೂ "ಪರಿಹಾರ ಕ್ರಮ ಬರೆಯಿರಿ" ಅಂತ ಕೇಳ್ತಾರ, ಉತ್ತರಾನೂ ಒಂದೇ. ಹುಡುಗ್ರು ಶಾಣ್ಯಾ ಅದಾರ, ಒಂದೇ ಉತ್ತರ ಕಲ್ತು ಮೂರ್ಕಡೆ ಮಾರ್ಕ್ಸ್ ತಗೋತಾರ. ತಪ್ಪು ಹುಡುಗ್ರದಲ್ರೀ.

ಚೀಟಿಗೊಂಚಲು

ಮೊದಲ ಪ್ರಶ್ನೆಗೆ: ಬರವಣಿಗೆ ಬಿಡಿ, ಚೀಟಿ ಆಟ ಮಾಡಿಸಿ. 16 ಚೀಟಿ, ಒಂದೊಂದರಲ್ಲಿ ಒಂದು ಪದ ಅಥವಾ ಚಿತ್ರ. ಪದಗಳು ಆ ಊರಿನವೇ ಆಗಿರಲಿ. ರಾಯಚೂರಿಗೆ: ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿ, ಟ್ರ್ಯಾಕ್ಟರ್, ಭತ್ತದ ಗದ್ದೆ, ಎಮ್ಮೆ, ಒಲೆ ಹೊಗೆ, ಪ್ಲಾಸ್ಟಿಕ್ ಕವರ್, ಓಝೋನ್, ಬತ್ತಿದ ಬೋರ್‌ವೆಲ್, ಹಲ್ಲಿನ ಕಲೆ, ಡೆಂಗಿ, ತೊಗರಿ ಹುಳ, ಅಕಾಲಿಕ ಮಳೆ, ತುಂಗಭದ್ರಾ ಗೇಟ್ ಮುರಿದದ್ದು, ಯೂರಿಯಾ, ಏಸಿ, ಬಿಸಿಗಾಳಿ.

ಕಾರಣ, ಪರಿಣಾಮ, ಸಂಬಂಧವಿಲ್ಲ ಅಂತ ಮೂರು ಗುಂಪು ಮಾಡಿಸಿ. ಆಮೇಲೆ ಚಾಕ್‌ಪೀಸ್‌ನಲ್ಲಿ ನೆಲದ ಮೇಲೆ ಒಂದರಿಂದ ಇನ್ನೊಂದಕ್ಕೆ ಬಾಣ ಎಳೆದು, "ಹೇಗೆ?" ಅನ್ನೋದಕ್ಕೆ ಒಂದು ವಾಕ್ಯ ಹೇಳಿಸಿ. ಬರೆದಿಟ್ಟುಕೊಳ್ಳಬೇಕಾದ್ದು ಆ ವಾಕ್ಯ. ಗುಂಪು ಸರಿ ಬಂದಿದ್ದು ಆಕಸ್ಮಿಕವೂ ಇರಬಹುದು.

ಕೆಡೋದು ಎರಡು ಕಡೆ. ನಾಲ್ಕು ಜನರ ಗುಂಪಲ್ಲಿ ಚುರುಕಾದ ಒಬ್ಬಳೇ ಎಲ್ಲ ಜೋಡಿಸಿಬಿಡ್ತಾಳೆ, ಉಳಿದವರು ನೋಡ್ತಾ ಕೂರ್ತಾರೆ. ಅದಕ್ಕೆ ತಲಾ 4 ಚೀಟಿ ಹಂಚಿ, ಮಾತಾಡದೆ ತಮ್ಮ ಚೀಟಿ ಮಗುಚಿ ಇಟ್ಟ ಮೇಲೇ ಚರ್ಚೆ ಶುರು ಮಾಡಿ. ಎರಡನೇದು ಮೇಷ್ಟ್ರ ಮುಖ. ಸರಿಯಾದ ಚೀಟಿಗೆ ತಲೆ ಆಡಿಸಿದ್ರೆ ಮುಗೀತು, ಮಕ್ಕಳು ಚೀಟಿ ನೋಡೋದು ಬಿಟ್ಟು ನಿಮ್ಮ ಮುಖ ನೋಡ್ತಾರೆ.

ತುಂಗೆ ದಡ

ಗೇಟ್ ಚೀಟಿ ಚೆನ್ನಾಗಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿಹೋಗಿದ್ದು ಸರಪಳಿ ತುಂಡಾಗಿ. ಅದನ್ನೂ "ಹವಾಮಾನ ಬದಲಾವಣೆ" ಗುಂಪಿಗೆ ಹಾಕೋ ಮಕ್ಕಳು ಬೇಕಾದಷ್ಟು. ದೊಡ್ಡವರೂ ಹಾಕ್ತಾರೆ.

ಸುಣ್ಣದಕಲ್ಲು

ಹಲ್ಲಿನ ಕಲೆಯೂ ಹಾಗೇ. ಫ್ಲೋರೈಡ್ ಬರೋದು ಗ್ರಾನೈಟ್ ಬಂಡೆಯಿಂದ, ಆಕಾಶದಿಂದಲ್ಲ. ಬಾವಿ ನೀರು ಬಿಟ್ಟು ನೂರಾರು ಅಡಿ ಕೆಳಗಿನ, ಬಂಡೆ ಸಂದಿಯಲ್ಲಿ ವರ್ಷಗಟ್ಟಲೆ ನಿಂತ ನೀರು ಎತ್ತಿದ್ದೇ ಕಾರಣ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಎಲ್ಲ ಕಡೆ ಇದೇ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರೆ ಕುಡಿಯೋಕೆ ಬಾರದು. ಆದ್ರೆ "ಸಂಬಂಧವಿಲ್ಲ" ಗುಂಪಿಗೆ ತಳ್ಳೋಕೂ ಆಗಲ್ಲ. ಬರ ಬಂದ ವರ್ಷ ಇನ್ನೂ ಆಳ ಕೊರೀತಾರಲ್ಲ? ಆ ಬಾಣ ಎಳೆದ ಮಗುವಿಗೆ ಪೂರ್ತಿ ಅಂಕ ಕೊಡಿ.

ಬಿಸಿಲುನಾಡು

ಇದೇ ಬೇಕಿತ್ತು. ಇನ್ನೊಂದು ಕೇಳ್ತೀನಿ: ಎರಡು ಬಾಟಲಿ, ಒಂದರಲ್ಲಿ ಅಡುಗೆ ಸೋಡಾ-ವಿನೆಗರ್ ಹಾಕಿ ಕಾರ್ಬನ್ ಡೈಆಕ್ಸೈಡ್ ತುಂಬಿಸಿ, ಎರಡನ್ನೂ ಬಲ್ಬಿನ ಮುಂದೆ ಇಟ್ಟು ಥರ್ಮಾಮೀಟರ್ ನೋಡೋ ಪ್ರಯೋಗ. ವಿಜ್ಞಾನ ಮೇಳದಲ್ಲಿ ಪ್ರತಿ ವರ್ಷ ಇರುತ್ತೆ. ಮಾಡಿಸಬಹುದಾ?

ಲಂಬಕೋನ

ಬೇಡ. ಉತ್ತರ ಸರಿ ಬಂದರೂ ಕಾರಣ ತಪ್ಪು. ಬಲ್ಬಿನ ಬೆಳಕಿನ ಬಹುಪಾಲನ್ನ ಕಾರ್ಬನ್ ಡೈಆಕ್ಸೈಡ್ ಹೀರೋದೇ ಇಲ್ಲ. ಅದು ಗಾಳಿಗಿಂತ ಭಾರ, ಬಾಟಲಿಯಲ್ಲಿ ಕದಲದೆ ಕೂರುತ್ತೆ, ಹೊರಗಿನ ತಂಪು ಗಾಳಿ ಬೆರೆಯಲ್ಲ, ಅದಕ್ಕೇ ಬಿಸಿ ಹೆಚ್ಚು. ಹಸಿರುಮನೆ ಗುಣ, ಅಂದ್ರೆ ಶಾಖ ಹಿಡಿದಿಡೋ ಗುಣ, ಒಂಚೂರೂ ಇಲ್ಲದ ಆರ್ಗಾನ್ ಅನಿಲ ತುಂಬಿದರೂ ಅಷ್ಟೇ ಬಿಸಿ ಆಗುತ್ತೆ. ಸಾಲದ್ದಕ್ಕೆ ಸೋಡಾ-ವಿನೆಗರ್ ಸೇರಿದಾಗ ಮಿಶ್ರಣ ತಣ್ಣಗಾಗುತ್ತೆ. ಆಗಲೇ ಅಳೆದರೆ ಉಲ್ಟಾ ಉತ್ತರ ಬಂದು ಮೇಷ್ಟ್ರು ಬೆವರಬೇಕು.

ಬದಲಿಗೆ ಡಿಸೆಂಬರ್ ರಾತ್ರಿಗಳನ್ನ ಬಳಸಿ. ಹೊರಗೆ ನೆರಳಿನಲ್ಲಿ, ನೆಲದಿಂದ ಸುಮಾರು 1.25 ಮೀಟರ್ ಎತ್ತರದಲ್ಲಿ ಥರ್ಮಾಮೀಟರ್ ಕಟ್ಟಿ, ಬೆಳಗ್ಗೆ 6 ಗಂಟೆಗೆ ಓದಿ. ಪಕ್ಕದಲ್ಲಿ ಎರಡು ಖಾನೆ: ರಾತ್ರಿ ಮೋಡ ಇತ್ತಾ? ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ಇತ್ತಾ? ತಿಂಗಳಲ್ಲಿ ಚಿತ್ರ ಬರುತ್ತೆ. ಮೋಡ ಇಲ್ಲದ ರಾತ್ರಿ ಚಳಿ ಹೆಚ್ಚು, ಇಬ್ಬನಿ ಹೆಚ್ಚು. ಮೋಡ ಕವಿದ ರಾತ್ರಿ ಸೆಖೆ. ರಾತ್ರಿ ಸೂರ್ಯನೇ ಇಲ್ಲವಲ್ಲ, ಮತ್ತೆ ಬಿಸಿ ಎಲ್ಲಿಂದ? ನೆಲದಿಂದ ಹೊರಟ ಶಾಖವನ್ನ ಮೋಡ ತಡೆದದ್ದು. "ಬಿಸಿಲು ಜಾಸ್ತಿ ಒಳಗೆ ಬಂತು" ಅನ್ನೋ ಉತ್ತರ ಅಲ್ಲಿಗೆ ಬಿದ್ದುಹೋಗುತ್ತೆ.

ಹುಣಸೆಮರ

ಸರಳವಾಗಿ ಭೂಮಿಗೆ ಕಂಬಳಿ ಹೊದಿಸಿದ ಹಾಗೆ ಅಂದ್ರೆ ಸಾಲದಾ?

ಲಂಬಕೋನ

ಕಂಬಳಿ ಗಾಳಿ ಓಡಾಟ ತಡೆಯುತ್ತೆ, ಈ ಅನಿಲಗಳು ತಡೆಯೋದು ನೆಲದಿಂದ ಹೊರಡೋ ಶಾಖದ ಕಿರಣವನ್ನ. ಮೊದಲ ದಿನಕ್ಕೆ ಓಕೆ, ಅಲ್ಲೇ ನಿಲ್ಲಿಸಬೇಡಿ.

ವಯರ್‌ಮನ್

ಕೋವಿಡ್ ಕಾಲದಲ್ಲಿ ಶಾಲೆಗಳಿಗೆ ಬಂದ ಹಣೆಗೆ ಹಿಡಿಯೋ ಥರ್ಮಾಮೀಟರ್ ಗನ್ ಬೀರುವಲ್ಲಿ ಬಿದ್ದಿರುತ್ತೆ. ಸೆಲ್ ಹಾಕಿ, ಅದೇ ಸಾಕು. ಮೈ ಜ್ವರದ ಮೋಡ್‌ನಲ್ಲಿ 32ರಿಂದ 42 ಡಿಗ್ರಿ ಬಿಟ್ಟು ಬೇರೆ ತೋರಿಸಲ್ಲ, "ಲೋ" ಅನ್ನುತ್ತೆ. ಮೋಡ್ ಬಟನ್ ಒತ್ತಿ ಮೇಲ್ಮೈ ಅಳತೆಗೆ ತನ್ನಿ. ರಾತ್ರಿ ನೆಲಕ್ಕೆ ಹಿಡೀರಿ, ಗೋಡೆಗೆ ಹಿಡೀರಿ, ಆಮೇಲೆ ನೆತ್ತಿ ಮೇಲಿನ ಆಕಾಶಕ್ಕೆ. ಮೋಡ ಇದ್ರೆ ಒಂದು ಸಂಖ್ಯೆ ಸಿಗಬಹುದು, ಶುಭ್ರ ಆಕಾಶವಾದ್ರೆ ಸೊನ್ನೆಗಿಂತ ಕೆಳಗೆ ಹೋಗಿ ಮತ್ತೆ "ಲೋ". ಏಸಿ ಮೆಕ್ಯಾನಿಕ್ ಹತ್ತಿರ ಇರೋ ಗನ್ ಮೈನಸ್ 50ರವರೆಗೂ ಓದುತ್ತೆ, ಒಂದು ದಿನಕ್ಕೆ ಕೇಳಿ ತನ್ನಿ. ಹಗಲಲ್ಲಿ ಸೂರ್ಯನ ಕಡೆ ಮಾತ್ರ ಹಿಡಿಸಬೇಡಿ.

ಬಾನಾಡಿ

ಚೆನ್ನಾಗಿದೆ. ಆದ್ರೆ ಆ ಗನ್ ನೋಡೋದು 8ರಿಂದ 14 ಮೈಕ್ರಾನ್ (1 ಮೈಕ್ರಾನ್ ಅಂದ್ರೆ ಮಿ.ಮೀ.ನ ಸಾವಿರದ ಒಂದು ಪಾಲು) ಉದ್ದದ ಶಾಖದ ಅಲೆಗಳನ್ನ. ಕಾರ್ಬನ್ ಡೈಆಕ್ಸೈಡ್ ಗಟ್ಟಿಯಾಗಿ ಹಿಡಿಯೋದು 15ರ ಸುತ್ತ. ಹಾಗಾಗಿ ಅದರಲ್ಲಿ ಕಾಣೋದು ಮೋಡ ಮತ್ತು ನೀರಾವಿಯ ಕೆಲಸ. "ಇದೇ ಕಾರ್ಬನ್" ಅಂತ ಹೇಳಿಬಿಡಬೇಡಿ.

ಕೆಂಭಾವಿ ಹುಡುಗ

ಮೈಕ್ರಾನ್ ಬಿಡ್ರಿ ಸರ. ಹುಡುಗ್ರಿಗೆ ಹೊಗೀನೇ ಕಾರ್ಬನ್ ಅಂತ ಅದ. ಕರ್ರಗ ಕಂಡಷ್ಟೂ ಜಾಸ್ತಿ ಕಾರ್ಬನ್ ಅಂತಾರ. ಮೊದ್ಲು ಅದನ್ನ ಬಿಡಿಸ್ರಿ.

ಬೂದಿಗುಡ್ಡ

@ಕೆಂಭಾವಿ ಹುಡುಗ, ಖರೇ ಮಾತು. ಕಣ್ಣಿಗೆ ಕಾಣೋ ಹೊಗೆ ಅಂದ್ರೆ ಮಸಿ ಮತ್ತು ಸಣ್ಣ ಕಣ. ಅದು ಅಡುಗೆ ಮಾಡೋರ ಶ್ವಾಸಕೋಶ ಸುಡುತ್ತೆ. ಕಾರ್ಬನ್ ಡೈಆಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಇಲ್ಲಿ ಒಂದು ಲೆಕ್ಕ ಭಲೇ ಕೆಲಸ ಮಾಡುತ್ತೆ. 1 ಲೀಟರ್ ಡೀಸೆಲ್ ತೂಕ ಸುಮಾರು 840 ಗ್ರಾಂ. ಸುಟ್ಟರೆ ಬರೋ ಕಾರ್ಬನ್ ಡೈಆಕ್ಸೈಡ್ ಸುಮಾರು 2.6 ಕೆ.ಜಿ. ಮಕ್ಕಳು ತಕ್ಷಣ ಜಗಳಕ್ಕೆ ಬರ್ತಾರೆ: ಹಾಕಿದ್ದು ಮುಕ್ಕಾಲು ಕೆ.ಜಿ. ಚಿಲ್ಲರೆ, ಬಂದಿದ್ದು ಎರಡೂವರೆ ಹೇಗೆ? ಡೀಸೆಲ್‌ನಲ್ಲಿ ಕಾರ್ಬನ್ ಸುಮಾರು 720 ಗ್ರಾಂ. ಪ್ರತಿ 12 ಗ್ರಾಂ ಕಾರ್ಬನ್‌ಗೆ ಗಾಳಿಯಿಂದ 32 ಗ್ರಾಂ ಆಕ್ಸಿಜನ್ ಸೇರುತ್ತೆ. 720 ಅನ್ನು 44ರಿಂದ ಗುಣಿಸಿ 12ರಿಂದ ಭಾಗಿಸಿದ್ರೆ 2640. 9ನೇ ತರಗತಿಗೆ ಸರಿಯಾದ ಲೆಕ್ಕ.

ಸೌದೆ ಸುಟ್ಟರೂ ಕಾರ್ಬನ್ ಬರುತ್ತಲ್ಲ ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತೆ. ಜಾಲಿ ಕಟ್ಟಿಗೆಯ ಕಾರ್ಬನ್ ಕೆಲವೇ ವರ್ಷದ ಹಿಂದೆ ಗಾಳಿಯಲ್ಲೇ ಇತ್ತು, ಗಿಡ ಮತ್ತೆ ಚಿಗುರಿದ್ರೆ ವಾಪಸ್ ಹೋಗುತ್ತೆ. ಶಕ್ತಿನಗರದ 1720 ಮೆಗಾವ್ಯಾಟ್ ಸ್ಥಾವರದಲ್ಲಿ ಉರಿಯೋ ಕಲ್ಲಿದ್ದಲಿನ ಕಾರ್ಬನ್ ಕೋಟ್ಯಂತರ ವರ್ಷ ನೆಲದಡಿ ಇದ್ದದ್ದು. ಹೊಸದಾಗಿ ಸೇರ್ತಿರೋದು ಅದು.

ಪಡುವಣ ಗಾಳಿ

ಹಾಗಂತ ಹಳ್ಳಿ ಮಕ್ಕಳ ತಲೆ ಮೇಲೆ ಪಾಪದ ಹೊರೆ ಹೊರಿಸಬೇಡಿ. ವರ್ಷಕ್ಕೆ ತಲಾ ಕಾರ್ಬನ್ ಡೈಆಕ್ಸೈಡ್ ಭಾರತದಲ್ಲಿ ಸುಮಾರು 2 ಟನ್, ಅಮೆರಿಕದಲ್ಲಿ 14ರ ಆಸುಪಾಸು. ಮನೆಯಲ್ಲಿ ಒಂದು ಬಲ್ಬು, ಒಂದು ಫ್ಯಾನು ಇರೋ ಮಗುವಿಗೆ "ಫ್ಯಾನ್ ಆರಿಸಿ ಭೂಮಿ ಉಳಿಸು" ಅನ್ನೋದು ಅನ್ಯಾಯ.

ಹುಣಸೆಮರ

ಹಾಗಾದ್ರೆ ಮಕ್ಕಳು ಏನೂ ಮಾಡೋದೇ ಬೇಡ್ವಾ? ಅಮೆರಿಕ ಸರಿ ಹೋಗಲಿ ಅಂತ ಕಾಯ್ತಾ ಕೂರೋದಾ?

ಪಡುವಣ ಗಾಳಿ

ಮಾಡಲಿ. ಊರಿಗೆ ಉಪಯೋಗ ಆಗೋದು ಮಾಡಲಿ. ಫ್ಯಾನ್ ಅಲ್ಲ.

ಉಣುಗು

ಭೂಗ್ರಹದ ಆರೋಗ್ಯಕ್ಕೆ ಬರ್ತೀನಿ. 2015ರಲ್ಲಿ ರಾಕ್‌ಫೆಲರ್-ಲ್ಯಾನ್ಸೆಟ್ ಆಯೋಗ ಮುಂದಿಟ್ಟ ವಿಚಾರ. ಮನುಷ್ಯನ ಆರೋಗ್ಯ ನಿಂತಿರೋದು ನೆಲ, ನೀರು, ಕಾಡು, ಪ್ರಾಣಿ ಸರಿ ಇರೋದರ ಮೇಲೆ ಅನ್ನೋದು ಅದರ ತಿರುಳು. ಮಲೆನಾಡಿನ ಮಕ್ಕಳಿಗೆ ಇದನ್ನ ಹೊಸದಾಗಿ ಹೇಳಬೇಕಿಲ್ಲ, ಮಂಗನ ಕಾಯಿಲೆ ಇದೆ.

1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು. ವೈರಾಣು ದಾಟಿಸೋದು ಉಣುಗು, ಅಂದ್ರೆ ಮೈಗೆ ಅಂಟಿ ರಕ್ತ ಹೀರೋ ಉಣ್ಣೆ. ಕಾಡಿನ ಅಂಚು ಕಡಿದು ಗದ್ದೆ, ತೋಟ ಆಯ್ತು. ದನ ಮೇಯೋಕೆ ಅದೇ ಅಂಚಿಗೆ ಹೋದವು. ದನದ ರಕ್ತ ಕುಡಿದು ಉಣುಗು ಹೆಚ್ಚಾಯ್ತು. ಕೊಟ್ಟಿಗೆಗೆ ದರಗು (ಒಣ ಎಲೆ) ತರೋಕೆ ಹೋದವರಿಗೆ ಕಚ್ಚಿತು. ಮಂಗ ಸತ್ತು ಬಿದ್ದಲ್ಲಿ ಅದರ ಮೈಮೇಲಿನ ಉಣುಗು ಇಳಿದು ಸುತ್ತ ಹರಡುತ್ತೆ. ಕಾಯಿಲೆ ಕಾಣೋದು ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕ, ಮರಿ ಉಣುಗು ಓಡಾಡೋ ಕಾಲ.

ಮಕ್ಕಳಿಗೆ ಕಲಿಸಬೇಕಾದ ಕೆಲಸ: ಸತ್ತ ಮಂಗ ಕಂಡ್ರೆ ಹತ್ತಿರ ಹೋಗಬಾರದು, ಜಾಗ ನೆನಪಿಟ್ಟು ಪಂಚಾಯಿತಿಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಬೇಕು. ಕಾಡಿಗೆ ಹೋಗೋ ಮುಂಚೆ ಕೈಕಾಲಿಗೆ ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡೋ ಡೇಪಾ ಎಣ್ಣೆ, ವಾಪಸ್ ಬಂದ ತಕ್ಷಣ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ.

ಬಾನಾಡಿ

ಇದರಲ್ಲಿ ಹವಾಮಾನ ಎಲ್ಲಿ ಬಂತು? ಇದು ಕಾಡು ಒಡೆದು ಚೂರಾದ ಕಥೆ.

ಉಣುಗು

ಅದಕ್ಕೇ ಹೇಳಿದ್ದು. ಭೂಗ್ರಹದ ಆರೋಗ್ಯ ಅಂದ್ರೆ ಬರೀ ತಾಪಮಾನ ಅಲ್ಲ. ಪ್ರತಿ ಸರಪಳಿಯಲ್ಲೂ ಕಾರ್ಬನ್ ಹುಡುಕೋಕೆ ಹೋದ್ರೆ ಮತ್ತೆ ಓಝೋನ್ ಕಥೆಯೇ.

ಗಿಡುಗ

ರಣಹದ್ದನ್ನೂ ಸೇರಿಸಿ. ದನಕ್ಕೆ ಕೊಟ್ಟ ನೋವಿನ ಔಷಧಿ ಡೈಕ್ಲೊಫೆನಾಕ್, ಸತ್ತ ದನ ತಿಂದ ಹದ್ದಿನ ಮೂತ್ರಪಿಂಡ ಕೆಡಿಸಿತು. 2006ರಲ್ಲಿ ಪಶು ಬಳಕೆಗೆ ನಿಷೇಧ ಬಂತು. ರಾಮನಗರದ ರಾಮದೇವರಬೆಟ್ಟ ಹತ್ತಿರದ ಮಕ್ಕಳಿಗೆ ಬೆಟ್ಟ ತೋರಿಸೇ ಹೇಳಬಹುದು.

ಬಳ್ಳಾರಿ ಆಶಾ

ಬಯಲುಸೀಮೆಗೆ ಡೆಂಗಿ ಸರಪಳಿ ತಗೊಳ್ಳಿ. ಮಳೆ ಬಂದ್ರೆ ಸೊಳ್ಳೆ ಅಂತ ಮಕ್ಕಳು ಬರೀತಾರೆ. ಆದ್ರೆ ನಲ್ಲಿ ನೀರು ವಾರಕ್ಕೊಮ್ಮೆ ಬರೋ ಊರಲ್ಲಿ ಬೇಸಿಗೆಯಲ್ಲೂ ಡೆಂಗಿ. ಯಾಕೆ? ಬರ, ನೀರು ಕಮ್ಮಿ, ಮನೆಮನೆಯಲ್ಲಿ ಡ್ರಮ್ಮು, ಸಿಮೆಂಟ್ ತೊಟ್ಟಿ, ಅದರಲ್ಲಿ ಡೆಂಗಿ ಹರಡೋ ಈಡಿಸ್ ಸೊಳ್ಳೆಯ ಮೊಟ್ಟೆ. ಮೊಟ್ಟೆಯಿಂದ ಸೊಳ್ಳೆ ಆಗೋಕೆ 7ರಿಂದ 10 ದಿನ. ಅದಕ್ಕೇ ವಾರಕ್ಕೊಮ್ಮೆ ತೊಟ್ಟಿ ಒಣಗಿಸಿ ಅನ್ನೋದು.

ಜನ ಮಾಡೋ ತಪ್ಪು, ನೀರು ಚೆಲ್ಲಿ ಹಾಗೇ ಮತ್ತೆ ತುಂಬಿಸ್ತಾರೆ. ಮೊಟ್ಟೆ ಇರೋದು ನೀರಲ್ಲಲ್ಲ, ನೀರಿನ ಗೆರೆಗಿಂತ ಸ್ವಲ್ಪ ಮೇಲೆ ಗೋಡೆಗೆ ಅಂಟಿಕೊಂಡಿರುತ್ತೆ. ಒಣಗಿದ್ರೂ ತಿಂಗಳುಗಟ್ಟಲೆ ಜೀವ ಇರುತ್ತೆ. ತೆಂಗಿನ ನಾರಲ್ಲಿ ಗೆರೆ ಸುತ್ತ ಗಟ್ಟಿಯಾಗಿ ಉಜ್ಜಬೇಕು. ಮಕ್ಕಳು ಓಣಿ ಹಂಚಿಕೊಂಡು ಟಾರ್ಚ್ ಹಾಕಿ ತೊಟ್ಟಿ ನೋಡಿ, ಒಟ್ಟು ಎಷ್ಟು, ಹುಳ ಇದ್ದದ್ದು ಎಷ್ಟು ಬರೆದ್ರೆ ಶೇಕಡಾ ಲೆಕ್ಕವೂ ಆಯ್ತು, ನಮ್ಮ ಲಾರ್ವಾ ಸರ್ವೆಗೂ ಸಹಾಯ ಆಯ್ತು.

ಮಳೆಕಡ್ಡಿ

ಅಳತೆ ಮಾತು ಬಂತಲ್ಲ, ಮಳೆಮಾಪಕ ಬಿಟ್ಟುಬಿಟ್ರಿ. 2 ಲೀಟರ್ ಬಾಟಲಿ ಕತ್ತರಿಸಿ ತಲೆ ಮಗುಚಿ ಇಡೋದು ಎಲ್ಲರಿಗೂ ಗೊತ್ತು. ಆದ್ರೆ ಪಕ್ಕಕ್ಕೆ ಸ್ಕೇಲ್ ಅಂಟಿಸಿ ಓದಿದ್ರೆ ತಪ್ಪು ಬರುತ್ತೆ: ತಳ ಉಬ್ಬು-ತಗ್ಗು, ಹೊಟ್ಟೆಯೂ ಒಂದೇ ಅಗಲ ಇರಲ್ಲ. ನೀರನ್ನ ಸಿರಿಂಜ್‌ನಿಂದ ಎಳೆದು ಮಿಲಿಲೀಟರ್‌ನಲ್ಲಿ ಅಳೆಯಿರಿ. ಮಿಲಿಲೀಟರನ್ನ ಬಾಯಿಯ ವಿಸ್ತೀರ್ಣದಿಂದ (ಚದರ ಸೆಂ.ಮೀ.) ಭಾಗಿಸಿ 10ರಿಂದ ಗುಣಿಸಿದ್ರೆ ಮಿ.ಮೀ. ಮಳೆ. ಬಾಯಿ ವ್ಯಾಸ 11.3 ಸೆಂ.ಮೀ. ಇರೋ ಆಲಿಕೆ ಸಿಕ್ಕರೆ ವಿಸ್ತೀರ್ಣ ಹೆಚ್ಚುಕಮ್ಮಿ 100, 10 ಮಿ.ಲೀ. ಅಂದ್ರೆ 1 ಮಿ.ಮೀ., ಲೆಕ್ಕವೇ ಬೇಡ.

ಓದೋದು ಬೆಳಗ್ಗೆ 8.30ಕ್ಕೆ, ಹವಾಮಾನ ಇಲಾಖೆಯೂ ಅದೇ ಹೊತ್ತಿಗೆ ಓದೋದು. ಮರದಡಿ, ಸೂರಿನಂಚಲ್ಲಿ, ತಾರಸಿ ಮೇಲೆ ಬೇಡ. ಮುಳ್ಳು ಬೇಲಿ ಹಾಕಿ, ಆಡು ಕೆಡವುತ್ತೆ. ಭಾನುವಾರ ಓದದಿದ್ರೆ ಸೋಮವಾರದ ಖಾನೆಯಲ್ಲಿ "2 ದಿನದ ಮೊತ್ತ" ಅಂತ ಬರೆಸಿ. ಸೊನ್ನೆ ಹಾಕಿಸಬೇಡಿ, ಇಡೀ ದಾಖಲೆ ಹಾಳಾಗೋದೇ ಅಲ್ಲಿ. ಕೆಎಸ್‌ಎನ್‌ಡಿಎಂಸಿಯ (ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ) ಪಂಚಾಯಿತಿ ಮಟ್ಟದ ಮಳೆಮಾಪಕದ ಅಂಕಿ ಪಕ್ಕದಲ್ಲಿಟ್ಟು ಹೋಲಿಸಬಹುದು.

ಬಾನಾಡಿ

ಒಂದು ವರ್ಷದ ಅಂಕಿ ಇಟ್ಟುಕೊಂಡು "ಹವಾಮಾನ ಬದಲಾಗಿದೆ" ಅಂತ ಚಾರ್ಟ್ ಬರೆಸಬೇಡಿ ಮತ್ತೆ. ಕನಿಷ್ಠ 30 ವರ್ಷದ ಸರಾಸರಿ ಬೇಕು. 2023ರಲ್ಲಿ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತು. ಆ ಒಂದು ವರ್ಷ ಮಾತ್ರ ಅಳೆದ ಶಾಲೆ ಏನು ತೀರ್ಮಾನಕ್ಕೆ ಬರಬೇಕು?

ಮಘೆ ಮಳೆ

ಅಜ್ಜ-ಅಜ್ಜಿಯರನ್ನ ಕೇಳಿದ್ರೆ ಆಯ್ತಲ್ಲ. ಮೃಗಶಿರಾ ಮಳೆ ಮೊದಲು ಎಷ್ಟು ಕರಾರುವಾಕ್ಕಾಗಿ ಬರ್ತಿತ್ತು, ಈಗ ಪಂಚಾಂಗವೇ ತಪ್ಪಿದೆ ಅಂತಾರೆ.

ಲಂಬಕೋನ

ಪಂಚಾಂಗ ತಪ್ಪಿಲ್ಲ. ಮಳೆ ನಕ್ಷತ್ರ ಅಂದ್ರೆ ಸೂರ್ಯ ಆ ನಕ್ಷತ್ರದಲ್ಲಿರೋ ಹದಿಮೂರು-ಹದಿನಾಲ್ಕು ದಿನ. ಭೂಮಿಯ ಅಕ್ಷ ನಿಧಾನಕ್ಕೆ ಓಲಾಡೋದರಿಂದ ಈ ದಿನಾಂಕಗಳು ಋತುವಿಗೆ ಹೋಲಿಸಿದ್ರೆ ಸುಮಾರು 72 ವರ್ಷಕ್ಕೆ ಒಂದು ದಿನ ಮುಂದೆ ಸರಿಯುತ್ತವೆ. ಅಜ್ಜನ ಕಾಲದಿಂದ ಇಲ್ಲಿವರೆಗೆ ಒಂದು ದಿನ, ಅಷ್ಟೇ. ಮೃಗಶಿರಾ ಜೂನ್ 7-8ಕ್ಕೆ ಹುಟ್ಟುತ್ತೆ. ಮಳೆ ಎರಡು ವಾರ ತಡ ಆದ್ರೆ ಅದು ಮುಂಗಾರಿನ ವಿಷಯ.

ಚೀಟಿಗೊಂಚಲು

ಅಜ್ಜಿಯರನ್ನ ಕೇಳೋದು ಒಳ್ಳೇದೇ, ಆದ್ರೆ "ಮೊದಲು ಮಳೆ ಹೆಚ್ಚಿತ್ತಾ?" ಅಂತ ಕೇಳಿದ್ರೆ ಎಲ್ಲರೂ ಹೌದು ಅಂತಾರೆ. ಘಟನೆ ಹಿಡಿದು ಕೇಳಿಸಿ: ಕೆರೆ ಕೋಡಿ ಬಿದ್ದದ್ದು ಯಾವ್ಯಾವ ವರ್ಷ, 1972ರ ಬರದಲ್ಲಿ ಯಾವ ಬಾವಿ ಬತ್ತಿತು, ಎಳ್ಳು ಬಿತ್ತೋದು ಯಾವಾಗ ಬಿಟ್ಟರು. ಬೆಳೆ ಬಿಟ್ಟಿದ್ದಕ್ಕೆ ಮಳೆಗಿಂತ ಕಾಲುವೆ, ಮಾರುಕಟ್ಟೆ ಕಾರಣ ಇರಬಹುದು, ಅದನ್ನೂ ಬರೆಸಿ.

ತುಂಗೆ ದಡ

ಕಾಲುವೆ ಅಂದ್ರಲ್ಲ, ಭತ್ತದ ಚೀಟಿ ಯಾವ ಗುಂಪಿಗೆ ಅಂತ ಯಾರೂ ಹೇಳಲಿಲ್ಲ. ಸಿಂಧನೂರು, ಗಂಗಾವತಿ ಮಕ್ಕಳು "ಹಸಿರು ಇದೆ, ಒಳ್ಳೇದು" ಅಂತಾರೆ. ನಿಂತ ನೀರಿನ ಕೆಸರಲ್ಲಿ ಗಾಳಿ ಇಲ್ಲದೆ ಮೀಥೇನ್ ಹುಟ್ಟುತ್ತೆ, ಅದೂ ಶಾಖ ಹಿಡಿದಿಡೋ ಅನಿಲವೇ. ಗದ್ದೆಯಲ್ಲಿ ಕಾಲಿಟ್ಟರೆ ಗುಳುಗುಳು ಅಂತ ಗುಳ್ಳೆ ಬರುತ್ತಲ್ಲ, ಅದರಲ್ಲಿ ಇರೋದೇ ಅದು.

ಮೀಥೇನ್ ಕಮ್ಮಿ ಮಾಡೋಕೆ ಗದ್ದೆಯನ್ನ ಆಗಾಗ ಒಣಗಲು ಬಿಡಬೇಕು, ನೀರು ಎಷ್ಟು ಇಳೀತು ಅಂತ ನೋಡೋಕೆ ಒಂದು ಪೈಪು ಸಾಕು. 30 ಸೆಂ.ಮೀ. ಉದ್ದ, 10ರಿಂದ 15 ಸೆಂ.ಮೀ. ಅಗಲ, ಕೆಳಗಿನ ಅರ್ಧಕ್ಕೆ ಸುತ್ತ ತೂತು, ಆ ಅರ್ಧ ಮಣ್ಣಲ್ಲಿ ಹೂತು ಒಳಗಿನ ಕೆಸರು ತೆಗೀಬೇಕು. ನೀರು ನೆಲಕ್ಕಿಂತ 15 ಸೆಂ.ಮೀ. ಕೆಳಗೆ ಇಳಿದಾಗ ಮತ್ತೆ ಹಾಯಿಸೋದು. ನಾಟಿಯಾಗಿ ಎರಡು ವಾರದ ಮೇಲೆ ಶುರು, ಹೂ ಬಿಡೋ ವಾರದಲ್ಲಿ ಒಣಗಿಸೋ ಹಾಗಿಲ್ಲ. ಶಾಲೆ ಪಕ್ಕದ ಒಂದು ಮಡಿಯಲ್ಲಿ ಮಕ್ಕಳೇ ಅಳೆಯಬಹುದು.

ಕೆಂಭಾವಿ ಹುಡುಗ

ಕಾಲುವಿ ಕಡೀ ಭಾಗದ ರೈತ ನೀರು ಬಂದಾಗ ತುಂಬಿಸ್ಕೋತಾನ್ರೀ, ಮುಂದಿನ ಸರದಿ ಯಾವಾಗೋ ಯಾರಿಗ್ಗೊತ್ತು. ಪೈಪ್ ನೋಡಿ ಕಾಯೋ ಧೈರ್ಯ ಅವನಿಗೆಲ್ಲಿಂದ ಬರ್ಬೇಕು?

ತುಂಗೆ ದಡ

ಸರಿ. ಅದನ್ನೂ ಬಾಣ ಎಳೆದು ಬರೆಸಿ. ಮಕ್ಕಳ ಗ್ರಾಮಸಭೆಯಲ್ಲಿ ಕೇಳೋಕೆ ಅದಕ್ಕಿಂತ ಒಳ್ಳೇ ಪ್ರಶ್ನೆ ಸಿಗಲ್ಲ.

ಪಡುವಣ ಗಾಳಿ

ಬಿಸಿಗಾಳಿ ಚೀಟಿ ಉಳೀತು. ಏಪ್ರಿಲ್‌ನಲ್ಲಿ ರಾಯಚೂರಿನ ಮಡಕೆ ನೀರು ತಣ್ಣಗಿರುತ್ತೆ, ಮಂಗಳೂರಿನಲ್ಲಿ ಅಷ್ಟು ತಣ್ಣಗಾಗಲ್ಲ. ಯಾಕೆ ಅಂತ ಕೇಳಿ. ಎರಡು ಥರ್ಮಾಮೀಟರ್, ಒಂದರ ಬುಡಕ್ಕೆ ಒದ್ದೆ ಬಟ್ಟೆ. ಒಣದು 38, ಒದ್ದೆಯದು 24 ಇದ್ರೆ ತೇವಾಂಶ ಶೇ. 30ರ ಹತ್ತಿರ, ಬೆವರು ಆರುತ್ತೆ, ಮೈ ತಣ್ಣಗಾಗುತ್ತೆ. ಕರಾವಳಿಯಲ್ಲಿ ಒಣದು 34, ಒದ್ದೆಯದು 28: ತಾಪ ಕಮ್ಮಿ, ಆದ್ರೂ ಬೆವರು ಆರಲ್ಲ. ಮೈಗೆ ಅಪಾಯ ಹೇಳೋದು ಒದ್ದೆ ಥರ್ಮಾಮೀಟರ್.

ಬಿಸಿಲುನಾಡು

ಇದು ನಾಳೆಯೇ ಶುರು ಮಾಡಬಹುದು. ಬಟ್ಟೆ ಯಾವುದು?

ಪಡುವಣ ಗಾಳಿ

ಹಳೇ ಹತ್ತಿ ಬನಿಯನ್. ಬುಡಕ್ಕೆ ಒಂದೇ ಸುತ್ತು, ಬಾಲ ಕೆಳಗಿನ ನೀರಿನ ಡಬ್ಬಿಗೆ. ಡಬ್ಬಿ ಬುಡಕ್ಕೆ ತಾಗಬಾರದು, ನಾಲ್ಕು ಬೆರಳು ದೂರ ಇರಲಿ. ಓದೋ ಮುಂಚೆ ಒಂದೆರಡು ನಿಮಿಷ ರಟ್ಟಿನಿಂದ ಗಾಳಿ ಬೀಸಿ.

ಸುಣ್ಣದಕಲ್ಲು

ಬೋರ್‌ವೆಲ್ ನೀರು ಹಾಕಬೇಡಿ, ವಾರದಲ್ಲಿ ಬಟ್ಟೆ ಸುಣ್ಣ ಹಿಡಿದು ರಟ್ಟಿನಂತಾಗುತ್ತೆ, ಅಳತೆ ಮೇಲೆ ಮೇಲೆ ತೋರಿಸುತ್ತೆ. ಊರಿನ ಶುದ್ಧ ನೀರಿನ ಘಟಕದ ನೀರು ಹಾಕಿ, 15 ದಿನಕ್ಕೊಮ್ಮೆ ಬಟ್ಟೆ ಬದಲಿಸಿ.

ಹುಣಸೆಮರ

ಘಟಕ ಕೆಟ್ಟಿದ್ರೆ?

ಸುಣ್ಣದಕಲ್ಲು

ಮಳೆಮಾಪಕದ ನೀರು.